ಕಾಡಿನಲ್ಲಿ ಒಂದೇ ಕೂಗು

ಕಾರ್ತಿಕ ಮಾಸದಲ್ಲಿ ಒಂದು ದಿನವಾದರೂ ನೆಲ್ಲಿಮರದ ಕೆಳಗೆ ಎಲೆ ಹಾಕಿಕೊಂಡು ಉಣ್ಣಬೇಕು ಎನ್ನುವುದು ಕೋಲಾರದ ನಮ್ಮ ಬೀದಿಯ ಹೆಂಗಸರ ಪದ್ಧತಿಯಾಗಿತ್ತು. ಹೆಚ್ಚಿನ ವರ್ಷಗಳಲ್ಲಿ ಅದು ಊರಾಚೆಯ ತೋಪಿನಲ್ಲೇ ಮುಗಿದುಹೋಗುತ್ತಿತ್ತು. ಯುದ್ಧದ ದಿನಗಳ ಆ ಒಂದು ವರ್ಷ ಮಾತ್ರ ನಾವು ವಕ್ಕಲೇರಿಯ ಬೆಟ್ಟಕ್ಕೆ ಹೋದೆವು. ಅದಕ್ಕೆ ಕಾರಣ ಎದುರುಮನೆಯ ನನ್ನ ಗೆಳತಿ. ಅವಳ ಗಂಡ ಸ್ಕೂಲು ಮೇಷ್ಟರು. ಅವರಿಗೆ ಶ್ರೀನಿವಾಸಪುರಕ್ಕೆ ವರ್ಗವಾಗಿತ್ತು. ಹುಣ್ಣಿಮೆ ಕಳೆದ ಮೇಲೆ ಮನೆ ಖಾಲಿ ಮಾಡುವುದೆಂದು ಗೊತ್ತಾಗಿತ್ತು. "ಹೋಗೋದರೊಳಗೆ ಆ ಬೆಟ್ಟ ಒಂದು ನೋಡ್ಬಿಡಬೇಕು ಕಣ್ರೇ. ಇಷ್ಟು ವರ್ಷ ಬರೀ ಹೆಸರು ಕೇಳಿದ್ದೇ ಆಯ್ತು" ಎಂದು ಅವಳೇ ಬಾಯಿಬಿಟ್ಟು ಕೇಳಿದ್ದಳು.

ಆ ಬೀದಿಯಲ್ಲಿ ನನ್ನವರು ಅಂತ ನನಗಿದ್ದವಳು ಅವಳೊಬ್ಬಳೇ. ನಾನು ಚಿಕ್ಕವಳಾಗಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದ ತಂದೆ ನನ್ನನ್ನು ಬೆಂಗಳೂರಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಶಾಲೆಯ ಹಾಸ್ಟೆಲಿಗೆ ಸೇರಿಸಿದ್ದರು. ಬಟ್ಟೆಯ ಅಂಚನ್ನು ಕಣ್ಣಿಗೆ ಕಾಣದ ಹೊಲಿಗೆಯಲ್ಲಿ ಮಡಿಸುವುದು, ಮೆಟ್ಟಿಲಿಳಿಯುವಾಗ ಸದ್ದಾಗದಂತೆ ಹೆಜ್ಜೆಯಿಡುವುದು, ಯಾರನ್ನಾದರೂ ಒಂದು ಸಲ ಮೆಲ್ಲಗೆ ಕರೆದು ಆಮೇಲೆ ಸುಮ್ಮನೆ ಕಾಯುವುದು, ಇವೆಲ್ಲ ನನಗೆ ಅಲ್ಲಿ ಬಂದ ವಿದ್ಯೆಗಳು. ಎರಡನೆಯ ಸಲ ಕರೆದರೆ ಅದು ಒರಟುತನ. ಹೆಣ್ಣುಮಗಳ ದನಿ ಪಕ್ಕದ ಕೋಣೆಗೆ ಕೇಳಿಸಬಾರದು.

ಮದುವೆಯಾಗಿ ಕೋಲಾರಕ್ಕೆ ಬಂದಾಗ ಈ ವಿದ್ಯೆಗಳಿಂದ ನನಗೇನೂ ಉಪಯೋಗವಾಗಲಿಲ್ಲ. ಬೀದಿಯ ನಲ್ಲಿಯ ಹತ್ತಿರ ಹೆಂಗಸರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಗುತ್ತಾ ನಿಂತಿರುತ್ತಿದ್ದರು. ನಾನು ಕೊಡ ಹಿಡಿದು ಹೋದೊಡನೆ ನನಗೆ ತಿಳಿಯಲೆಂದು ಪೂರ್ತಿ ಕನ್ನಡಕ್ಕೆ ತಿರುಗುತ್ತಿದ್ದರು. ಅದು ಅವರ ಒಳ್ಳೆಯತನವೇ. ಆದರೆ ಹಾಗೆ ತಿರುಗುವಷ್ಟರಲ್ಲಿ ನಗು ಎಲ್ಲೋ ಬಿದ್ದುಹೋಗಿರುತ್ತಿತ್ತು. ನನಗೆ ಅವರು ಇಟ್ಟ ಹೆಸರು ಕಾನ್ವೆಂಟಮ್ಮ. ನಮ್ಮ ಮನೆಯವರು ಜಿಲ್ಲಾ ಕಚೇರಿಯಲ್ಲಿದ್ದರು. ತಿಂಗಳಲ್ಲಿ ಹದಿನೈದು ದಿನ ಮುಳಬಾಗಿಲು, ಮಾಲೂರು ಎಂದು ಕ್ಯಾಂಪು. ಊರಲ್ಲಿದ್ದಾಗ ಪೇಪರಿನ ಹಿಂದೆ. ನನ್ನನ್ನು ಅವರು ಕರೆದದ್ದೇ ನೆನಪಿಲ್ಲ. ಬೇಕಾದಾಗ ಅಡುಗೆಮನೆಯ ಹೊಸಿಲ ಹತ್ತಿರ ನಿಂತು ಒಂದು ಸಲ ಕೆಮ್ಮುತ್ತಿದ್ದರು. ನಾನು ಕಾಫಿಯೋ ನೀರೋ ಎಂದು ಕೆಮ್ಮಿನಲ್ಲೇ ತಿಳಿದುಕೊಳ್ಳುತ್ತಿದ್ದೆ.

ಎದುರುಮನೆಯವಳು ಮಾತ್ರ ಸಂಜೆ ಸೊಪ್ಪಿನ ಮೊರ ಹಿಡಿದುಕೊಂಡು ಬಂದು ನಮ್ಮ ಹೊಸಿಲ ಮೇಲೆ ಕೂರುತ್ತಿದ್ದಳು. ಅವಳ ಎಡಗೈ ತೋರುಬೆರಳಿನ ಉಗುರಿನಲ್ಲಿ ಯಾವಾಗಲೂ ಅರಿಶಿನದ ಒಂದು ಗೆರೆ ಇರುತ್ತಿತ್ತು. ಮಾತು ಏನೂ ದೊಡ್ಡದಲ್ಲ. ದಂಟಿನ ನಾರು, ಹಾಲಿನವಳ ನೀರು, ಮೇಷ್ಟರ ಮರೆವು. ವರ್ಗದ ಸುದ್ದಿ ಬಂದ ದಿನದಿಂದ ಅವಳ ಬಾಯಿಂದ ಒಂದು ಮಾತು ಬರಲಿ ಎಂದು ನಾನು ಕಾಯುತ್ತಿದ್ದೆ. 'ಶ್ರೀನಿವಾಸಪುರಕ್ಕೆ ಬಾ' ಎನ್ನುವ ಮಾತು. ನಾನಾಗಿ ಕೇಳುವಂತಿರಲಿಲ್ಲ. ಕರೆಯದ ಮನೆಗೆ ಕರೆಯನ್ನು ಕೇಳಿ ಪಡೆಯಬಾರದು ಎಂದೂ ನನಗೆ ಕಲಿಸಿದ್ದರು. ಬೆಟ್ಟದ ದಿನ ಇಡೀ ದಿನ ಜೊತೆಗಿರುತ್ತೇವೆ, ಎಲ್ಲಾದರೂ ಒಂದು ಕಡೆ ಅಂದಾಳು ಎಂದು ನನ್ನ ಆಸೆ.

ಬೆಳಕು ಹರಿಯುವ ಮುಂಚೆ ಕಮಾನು ಗಾಡಿ ಬಂತು. ನಾವಿಬ್ಬರು, ನಮಗಿಂತ ಹಿರಿಯಳಾದ ಪೋಸ್ಟ್‌ಮಾಸ್ತರರ ಹೆಂಡತಿ, ಅವಳ ಪೆದ್ದಮ್ಮ ಎಂದರೆ ದೊಡ್ಡಮ್ಮ. ಈ ಪೆದ್ದಮ್ಮ ವಕ್ಕಲೇರಿಯ ಕಡೆಯವರು. ಆ ಬೆಟ್ಟದಲ್ಲಿ ಚಿಕ್ಕಂದಿನಲ್ಲಿ ಆಡು ಮೇಯಿಸಿದ್ದರಂತೆ. ಗಾಡಿಯೊಳಗೆ ಹುಲ್ಲು ಹಾಸಿ ಮೇಲೆ ಜಮಖಾನ ಹಾಕಿದ್ದರು. ಪುಳಿಯೋಗರೆಯ ಡಬರಿಗೆ ಬಟ್ಟೆ ಬಿಗಿದು ಅದನ್ನು ಪೆದ್ದಮ್ಮ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಕಾನ್ವೆಂಟಮ್ಮಾ, ಚಮಚ ತಂದ್ಯಾ?" ಎಂದಳು ಪೋಸ್ಟ್‌ಮಾಸ್ತರರ ಹೆಂಡತಿ.

"ತಂದಿಲ್ಲ ಅಕ್ಕ."

"ಅಯ್ಯೋ, ಮತ್ತೆ ನೆಲ್ಲಿಮರದ ಕೆಳಗೆ ಹೆಂಗೆ ಉಣ್ತೀಯೇ ತಾಯಿ? ನಾವು ಕೈಯಲ್ಲಿ ತಿನ್ನೋರು."

ಎಲ್ಲರೂ ನಕ್ಕರು. ಗೆಳತಿ ನನ್ನ ಮಂಡಿಯ ಮೇಲೆ ಕೈಯಿಟ್ಟು, "ಸುಮ್ನಿರ್ರೀ ಅಕ್ಕ, ಅವಳು ನಿಮಗಿಂತ ಚೆನ್ನಾಗಿ ಕಲಸ್ತಾಳೆ" ಎಂದಳು. ಆ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು. ಹೊರಗೆ ರಾಗಿ ಹೊಲಗಳ ಮೇಲೆ ಮಂಜು ತೆಳ್ಳಗೆ ಕೂತಿತ್ತು. ಒಂದು ಎತ್ತಿನ ಕೊರಳ ಗಂಟೆಯ ನಾಲಿಗೆ ಬಿದ್ದುಹೋಗಿತ್ತು. ಹಾಗಾಗಿ ಒಂದೇ ಎತ್ತು ನಡೆಯುತ್ತಿರುವಂತೆ ದಾರಿಯುದ್ದಕ್ಕೂ ಕೇಳಿಸುತ್ತಿತ್ತು.

ಬೆಟ್ಟದ ಬುಡದಲ್ಲಿ ಗಾಡಿಯವನನ್ನೂ ಎತ್ತುಗಳನ್ನೂ ಬಿಟ್ಟು ನಾವು ಹತ್ತಿದೆವು. ಬಂಡೆಯಲ್ಲಿ ಕಡಿದ ಮೆಟ್ಟಿಲು ಕೆಲವೆಡೆ, ಬರೀ ಬಂಡೆ ಕೆಲವೆಡೆ. ಯಮನ ಪಾಶದಿಂದ ತಪ್ಪಿಸಿಕೊಂಡ ಹುಡುಗನ ಹೆಸರಿನ ಬೆಟ್ಟ ಅದು. ಅವನು ಶಿವಲಿಂಗವನ್ನು ತಬ್ಬಿಕೊಂಡದ್ದು ಇಲ್ಲೇ ಎಂದು ಸುತ್ತಲಿನವರು ನಂಬುತ್ತಾರೆ. ಗುಡಿಯೊಳಗೆ ಎಣ್ಣೆಯ, ಬಾವಲಿಯ ವಾಸನೆ. ಪೆದ್ದಮ್ಮ ಲಿಂಗದ ಮುಂದೆ ನಿಂತು ಮೂರು ಸಲ ಜೋರಾಗಿ "ತಂಡ್ರೀ", ತಂದೇ, ಎಂದು ಕೂಗಿದರು. ನಾನು ಕಣ್ಣು ಮುಚ್ಚಿ ಕೈಮುಗಿದು ಮನಸ್ಸಿನಲ್ಲೇ ಬೇಡಿಕೊಂಡೆ. ಏನು ಬೇಡಿಕೊಂಡೆ ಎಂದು ಹೇಳಬೇಕಾಗಿಲ್ಲ.

ಗುಡಿಯ ಹಿಂದಿನಿಂದ ಒಂದು ಕಾಲುದಾರಿ ಬೆಟ್ಟದ ಆಚೆ ಮಗ್ಗುಲಿಗೆ ಇಳಿಯುತ್ತದೆ. ಅಲ್ಲಿ ತಗ್ಗಿನಲ್ಲಿ ಕಾಡು. ನೆಲ್ಲಿಮರಗಳು ಇದ್ದದ್ದು ಆ ಕಾಡಿನ ಆಚೆ ತುದಿಯಲ್ಲಿ. ದೊಡ್ಡ ಮರಗಳ ಕಾಡೇನಲ್ಲ ಅದು. ಕಗ್ಗಲಿ, ಕಾರೆ, ಬಿದಿರು, ತಂಗಟೆ. ಆದರೆ ಒಂದಕ್ಕೊಂದು ಹೆಣೆದುಕೊಂಡು ಬೆಳೆದದ್ದರಿಂದ ಒಳಗೆ ಹೊತ್ತು ಮುಳುಗಿದ ಹಾಗಿತ್ತು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಮುಳ್ಳುಕಂಟಿಗಳಿಗೆ ಯಾರೋ ಕಟ್ಟಿದ್ದ ಬಟ್ಟೆಯ ಚೂರುಗಳು ಬಣ್ಣ ಹೋಗಿ ಎಲ್ಲವೂ ಒಂದೇ ಬೂದಿಯ ಬಣ್ಣಕ್ಕೆ ತಿರುಗಿದ್ದವು. ನಡುನಡುವೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಸಣ್ಣ ಕೋಣೆಗಳು. ಜನ ಅವನ್ನು ಪಾಂಡವರ ಮನೆಗಳು ಎನ್ನುತ್ತಾರೆ. ಒಂದೊಂದು ಕೋಣೆಯ ಮುಂದಿನ ಚಪ್ಪಡಿಯಲ್ಲಿ ಒಂದು ದುಂಡನೆಯ ತೂತು. ಮನುಷ್ಯ ನುಗ್ಗಲಾಗದಷ್ಟು ಚಿಕ್ಕದು, ಹಾವಿಗೆ ಬೇಕಾದ್ದಕ್ಕಿಂತ ದೊಡ್ಡದು.

ಕಾಡು ಹೊಕ್ಕ ಮೇಲೆ ಇವರೆಲ್ಲ ಮಾತು ನಿಲ್ಲಿಸಿದರು. ಯಾರೂ ಯಾರಿಗೂ ಹೇಳಲಿಲ್ಲ, ತಾವಾಗಿಯೇ ನಿಲ್ಲಿಸಿದರು. ದಣಿವಾಗಿರಬೇಕು ಎಂದುಕೊಂಡೆ. ಪೋಸ್ಟ್‌ಮಾಸ್ತರರ ಹೆಂಡತಿಯಂಥವಳೂ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಡೆಯುತ್ತಿದ್ದಳು.

ಅರ್ಧ ದಾರಿಯಲ್ಲಿ ನನಗೆ ಮರೆಗೆ ಹೋಗಬೇಕಾಯಿತು. ಬೆಳಗಿನಿಂದ ತಡೆದುಕೊಂಡಿದ್ದೆ. ಮುಂದೆ ನಡೆಯುತ್ತಿದ್ದ ಗೆಳತಿಯ ಸೆರಗು ಮುಟ್ಟಿ ಕೈಸನ್ನೆಯಲ್ಲಿ ತಿಳಿಸಿದೆ. ಅವಳು ತಲೆಯಾಡಿಸಿದಳು. ಬೇರೆ ಯಾರಾದರೂ ಆಗಿದ್ದರೆ ಹತ್ತಿರದ ಪೊದೆಯ ಹಿಂದೆ ಕೂತು ಎದ್ದು ಬರುತ್ತಿದ್ದರು. ನನಗೆ ಸಂಕೋಚ. ಒಂದು ಪೊದೆ ದಾಟಿ ಇನ್ನೊಂದು, ಅದನ್ನು ದಾಟಿ ಒಂದು ಪಾಂಡವರ ಮನೆ, ಅದರ ಹಿಂದೆ. ಎದ್ದು ಸೀರೆ ಸರಿಮಾಡಿಕೊಂಡು ತಿರುಗಿದಾಗ ಬಂದ ದಾರಿ ಯಾವುದೆಂದು ತಿಳಿಯಲಿಲ್ಲ. ಎಲ್ಲ ಕಡೆಗೂ ಅದೇ ಬೂದಿಬಣ್ಣದ ಚಿಂದಿ, ಅದೇ ಮುಳ್ಳು.

ಎಡಗಡೆ, ಅಷ್ಟೇನೂ ದೂರವಲ್ಲ, ಬಳೆಗಳ ಸದ್ದು ಕೇಳಿಸಿತು. ನಾನು "ಅಕ್ಕಾ" ಎಂದೆ.

ಬಳೆಗಳ ಸದ್ದು ಥಟ್ಟನೆ ನಿಂತಿತು. ಅಲ್ಲಿ ಇದ್ದಾರೆ, ನಿಂತಿದ್ದಾರೆ, ನನ್ನ ಕೂಗು ಕೇಳಿಸಿದೆ ಎಂದು ನನಗೆ ಗೊತ್ತಾಯಿತು. ಕಾದೆ. ಯಾರೂ ಓ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ಬಳೆಗಳು ಅವಸರವಸರವಾಗಿ ಸದ್ದು ಮಾಡುತ್ತಾ ದೂರ ಹೋದವು.

ಇಂದಿಗೂ ನನಗೆ ಆ ಕಾಡಿನ ವಿಚಾರದಲ್ಲಿ ಹೆದರಿಕೆಯೆಂದರೆ ಆ ಸದ್ದೇ. ದೆವ್ವವನ್ನು ನಾನು ನೋಡಲಿಲ್ಲ. ಗೊತ್ತಿರುವ ಬಳೆಗಳು ನನ್ನ ಕೂಗನ್ನು ಕೇಳಿ, ನಿಂತು, ಆಮೇಲೆ ಹೊರಟುಹೋದವು.

ನಾನು ಆ ಕಲ್ಲುಮನೆಗೆ ಒರಗಿ ಕೂತೆ. ದಾರಿ ತಪ್ಪಿದರೆ ಇದ್ದಲ್ಲೇ ಇರು, ಅಲೆಯಬೇಡ ಎನ್ನುವುದೂ ಶಾಲೆಯ ಪಾಠವೇ. ಮತ್ತೆ ಕರೆಯಲಿಲ್ಲ. ಕೇಳಿಸಿದವರು ಬರಲಿಲ್ಲ ಎಂದರೆ ಬರುವ ಮನಸ್ಸಿಲ್ಲ ಎಂದು ಅರ್ಥ, ಇನ್ನೊಂದು ಸಲ ಕರೆದು ಅವರಿಗೂ ನನಗೂ ಯಾಕೆ ಮುಜುಗರ. ಚಪ್ಪಡಿಯ ತೂತಿನಿಂದ ತಣ್ಣನೆಯ ಗಾಳಿ ಬಂದು ಕತ್ತಿಗೆ ತಾಗುತ್ತಿತ್ತು. ಒಂದು ಕಟ್ಟಿರುವೆಯ ಸಾಲು ನನ್ನ ಸೀರೆಯ ಅಂಚಿನ ಹತ್ತಿರ ಬಂದು, ಅಂಚನ್ನು ಸುತ್ತಿಕೊಂಡು ಆಚೆ ಹೋಯಿತು. ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಬಿಲ್ಲೆಯೊಂದು ನನ್ನ ಕಾಲ್ಬೆರಳಿನ ಮೇಲಿತ್ತು. ಅದು ಹಿಮ್ಮಡಿಗೆ ಸರಿದು, ಆಮೇಲೆ ನನ್ನನ್ನು ಬಿಟ್ಟು ನೆಲಕ್ಕೆ ಹೋಯಿತು. ಶ್ರೀನಿವಾಸಪುರಕ್ಕೆ ಅವಳು ಯಾಕೆ ಕರೆಯಲಿಲ್ಲ ಎನ್ನುವುದಕ್ಕೆ ಉತ್ತರ ಸಿಕ್ಕಿತು ಎಂದುಕೊಂಡೆ. ಅಳು ಬರಲಿಲ್ಲ. ಹಾಸ್ಟೆಲಿನಲ್ಲಿ ಭಾನುವಾರ ಸಂಜೆ ಎಲ್ಲರಿಗೂ ಮನೆಯಿಂದ ಯಾರಾದರೂ ಬಂದು ಹೋದ ಮೇಲೆ ಉದ್ದನೆಯ ಬೆಂಚಿನ ಮೇಲೆ ಒಬ್ಬಳೇ ಕೂತಿರುತ್ತಿದ್ದೆನಲ್ಲ, ಹಾಗೆಯೇ ಇತ್ತು. ಅಭ್ಯಾಸವಾದ ಜಾಗಕ್ಕೆ ಮತ್ತೆ ಬಂದ ಹಾಗೆ.

ಆಮೇಲೆ ಎಲ್ಲೋ ಹಿತ್ತಾಳೆಯ ಸದ್ದು ಕೇಳಿಸಿತು. ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದರು. ಢಣ್, ಢಣ್, ಢಣ್, ಸ್ವಲ್ಪ ನಿಂತು ಮತ್ತೆ ಢಣ್, ಢಣ್, ಢಣ್. ನಾನು ಯೋಚಿಸುವುದಕ್ಕೆ ಮುಂಚೆಯೇ ನನ್ನ ಕಾಲುಗಳು ಎದ್ದು ನಿಂತಿದ್ದವು. ಎಷ್ಟೋ ವರ್ಷ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ದೀಪವಾರಿಸಿದವಳು ನಾನು. ಸದ್ದು ಬಂದ ಕಡೆಗೆ ಮುಳ್ಳನ್ನೂ ನೋಡದೆ ನಡೆದೆ. ಕಾಡಿನ ತುದಿಯಲ್ಲಿ ಬೆಳಕು ಕಾಣಿಸಿತು. ನೆಲ್ಲಿಮರದ ಕೆಳಗೆ ಪೆದ್ದಮ್ಮ ತಟ್ಟೆ ಹಿಡಿದು ನಿಂತಿದ್ದರು, ಗೆಳತಿ ಬಡಿಯುತ್ತಿದ್ದಳು. ನನ್ನನ್ನು ಕಂಡ ಮೇಲೂ ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ. ಪೆದ್ದಮ್ಮನೇ ಅವಳ ಕೈಯಿಂದ ಸೌಟು ಕಿತ್ತುಕೊಳ್ಳಬೇಕಾಯಿತು.

"ನೋಡೇ, ಊಟದ ಗಂಟೆ ಹೊಡೆದ್ರೆ ಬಂದ್ಳು" ಎಂದಳು ಪೋಸ್ಟ್‌ಮಾಸ್ತರರ ಹೆಂಡತಿ. ಹಾಗೆನ್ನುತ್ತಲೇ ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಮುಂದೆ ಹೋಗಿರ್ತೀಯ ಅಂದ್ಕೊಂಡು ಇಲ್ಲಿಗೆ ಬಂದ್ವಿ. ಬಂದು ನೋಡಿದ್ರೆ ಇಲ್ಲ. ಜೀವ ಹಾರಿಹೋಯ್ತು ಕಣೇ."

"ನಾನು ಕರೆದೆನಲ್ಲ ಅಕ್ಕ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದಿ ನುವ್ವೇನಾ?" ಎಂದರು ಪೆದ್ದಮ್ಮ. ಅದು ನೀನೇನಾ ಎಂದು. ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು. "ಒಂದೇ ಸಲ ಯಾಕಮ್ಮಾ ಕರೆದೆ? ಒಂದೇ ಸಲ ಕರೆಯೋದು ಮನುಷ್ಯರಲ್ಲ."

ಆಗ ನನಗೆ ತಿಳಿಯಿತು. ಆ ಕಾಡಿನಲ್ಲಿ ಮೊದಲ ಕೂಗಿಗೆ ಯಾರೂ ಓಗೊಡುವುದಿಲ್ಲ. ಅಲ್ಲಿ ಸುಳಿದಾಡುವ ಅದಕ್ಕೆ, ಪೆದ್ದಮ್ಮ ಅದರ ಹೆಸರು ಹೇಳಲಿಲ್ಲ, ಅದಕ್ಕೆ ಒಂದು ಸಲ ಮಾತ್ರ ಕರೆಯುವ ಶಕ್ತಿಯಂತೆ. ಅಕ್ಕಾ ಎನ್ನುತ್ತದೆ, ಅಣ್ಣಾ ಎನ್ನುತ್ತದೆ, ಓ ಎಂದವರು ಅದರ ಹಿಂದೆ ಹೋಗುತ್ತಾರೆ. ಮನುಷ್ಯರಾದರೆ ಮೂರು ಸಲ ಕರೆಯಬೇಕು. ಮೂರನೆಯದಕ್ಕೆ ಓ ಎನ್ನಬೇಕು. ಹೆಸರು ಹಿಡಿದು ಕರೆಯಬಾರದು, ಕಾಡು ಹೆಸರು ಕಲಿತುಕೊಳ್ಳುತ್ತದೆ. ಅದಕ್ಕೇ ತಟ್ಟೆ ಬಡಿದದ್ದು.

"ಯಮ ಕರೆದ್ರೂ ಓ ಅನ್ನದ ಹುಡುಗನ ಬೆಟ್ಟ ಇದು" ಎಂದರು ಪೆದ್ದಮ್ಮ. "ನಿಮ್ಮ ಮೇರಿಯಮ್ಮ ಒಂದೇ ಸಲ ಕರೆದ್ರೆ ಬರ್ತಾಳೇನೋ. ನಮ್ಮ ಕಡೆ ದೇವರಿಗೂ ಮೂರು ಬೇಕು."

"ನನಗೆ ಯಾರೂ ಹೇಳಲಿಲ್ಲ" ಎಂದೆ.

"ಇದೂ ಹೇಳಬೇಕೇನೇ?" ಎಂದಳು ಪೋಸ್ಟ್‌ಮಾಸ್ತರರ ಹೆಂಡತಿ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನೀರು ಕುಡಿಯುವುದು ಹೇಗೆಂದು ಯಾರೂ ಹೇಳಲಿಲ್ಲ ಎಂದು ನಾನು ದೂರಿದ್ದರೆ ಹೇಗೋ ಹಾಗೆ.

ಎಲೆ ಹಾಕಿದರು. ಮುತ್ತುಗದ ಎಲೆಯ ಮೇಲೆ ಪುಳಿಯೋಗರೆ, ಮೊಸರನ್ನ, ಆಗಷ್ಟೇ ಕಿತ್ತ ನೆಲ್ಲಿಕಾಯಿಗೆ ಉಪ್ಪು ಹಸಿಮೆಣಸು ಹಾಕಿ ಜಜ್ಜಿದ ಚಟ್ನಿ. ನಗು ಮೆಲ್ಲಗೆ ತಿರುಗಿ ಬಂತು. ಪೋಸ್ಟ್‌ಮಾಸ್ತರರ ಹೆಂಡತಿ ನನ್ನ ದನಿಯಲ್ಲಿ ಸಣ್ಣಗೆ "ಅಕ್ಕಾ" ಎನ್ನುವುದು, ಪೆದ್ದಮ್ಮ ಸೀರೆ ಎತ್ತಿಕೊಂಡು ಓಡಿದ್ದನ್ನು ಮಾಡಿ ತೋರಿಸುವುದು. ನಾನೂ ನಕ್ಕೆ. ಬೀದಿಯಲ್ಲಿ ಎಂದೂ ಅವರು ನನ್ನೊಂದಿಗೆ ಅಷ್ಟು ಸಲಿಗೆಯಿಂದ ನಕ್ಕಿರಲಿಲ್ಲ. ನಾನು ಬಯಸಿದ್ದೂ ಅದನ್ನೇ. ಆದರೆ ಬಾಯಲ್ಲಿ ನೆಲ್ಲಿಕಾಯಿಯ ಒಗರು ಹೋಗಲೊಲ್ಲದು. ಗೆಳತಿ ನಗಲಿಲ್ಲ. ನೀರು ಕುಡಿದರೆ ಸಿಹಿಯಾಗುತ್ತೆ ಎಂದು ಚೊಂಬು ಮಾತ್ರ ನನ್ನ ಕಡೆಗೆ ಸರಿಸಿದಳು.

ವಾಪಸು ಕಾಡು ದಾಟುವಾಗ ಅವಳು ನನ್ನ ಮಣಿಕಟ್ಟನ್ನು ಹಿಡಿದೇ ನಡೆದಳು. ಗಾಡಿಯಲ್ಲಿ ಹಿರಿಯರಿಬ್ಬರೂ ತೂಕಡಿಸತೊಡಗಿದ ಮೇಲೆ, ಒಂದೇ ಎತ್ತಿನ ಗಂಟೆ ಸದ್ದು ಮಾಡುತ್ತಿರುವಾಗ, ನನ್ನ ಕಡೆ ನೋಡದೆ ಹೇಳಿದಳು:

"ನಿನ್ನ ದನೀಂತ ನನಗೆ ಗೊತ್ತಾಯ್ತು ಕಣೇ."

ನಾನು ಅವಳ ಕಡೆ ತಿರುಗಿದೆ.

"ಓ ಅನ್ನೋಕೆ ಹೋದೆ. ಪೆದ್ದಮ್ಮ ಬಾಯಿ ಮುಚ್ಚಿದ್ರು."

"ಹೋಗ್ಲಿ ಬಿಡು. ಅವರು ಮುಚ್ಚಿದ್ರೆ ನೀನೇನು ಮಾಡ್ತೀಯ."

"ಕೈ ತೆಗೆದ ಮೇಲೂ ಅನ್ನಲಿಲ್ಲ. ಹೆದರಿಕೆ ಆಯ್ತು. ಇನ್ನೊಂದು ಸಲ ಕರೀಲಿ, ಎರಡನೇದಕ್ಕೇ ಓ ಅಂದ್ಬಿಡ್ತೀನಿ, ಯಾರೇನಾದ್ರೂ ಅನ್ನಲಿ ಅಂತ ಕಾದೆ. ನೀನು ಕರೀಲೇ ಇಲ್ಲ."

ಅವಳ ಉಗುರಿನ ಅರಿಶಿನದ ಗೆರೆಯನ್ನು ನೋಡುತ್ತಾ ಕೂತೆ. ನಾನು ಕಲ್ಲುಮನೆಯ ಹಿಂದೆ ನಿಂತು ಅವಳ ಓ ಎನ್ನುವುದಕ್ಕೆ ಕಾಯುತ್ತಿದ್ದಾಗ, ಮುಳ್ಳುಕಂಟಿಯ ಆಚೆ ಅವಳು ನನ್ನ ಎರಡನೆಯ ಕೂಗಿಗೆ ಕಾಯುತ್ತಿದ್ದಳು. ಇಬ್ಬರೂ ನಮಗೆ ಕಲಿಸಿದ್ದನ್ನೇ ಮಾಡಿದ್ದೆವು. ಶ್ರೀನಿವಾಸಪುರದ ಮಾತು ಆಗಲೂ ಬರಲಿಲ್ಲ. ಈಗ ಕೇಳಬಹುದು, ಕೇಳಿಬಿಡು ಎಂದು ಮನಸ್ಸು ಹೇಳಿತು. ಗಾಡಿ ಊರೊಳಗೆ ಬಂತು. ದೀಪ ಹಚ್ಚಿದ್ದರು. ಇಳಿದೆವು.

ಅವರು ಹೊರಟ ದಿನ ಸಾಮಾನು ಮುಂಚೆಯೇ ಗಾಡಿಯಲ್ಲಿ ಹೋಗಿತ್ತು. ಅವರು ಬೆಳಗಿನ ಬಸ್ಸಿಗೆ ಹೋಗುವವರಿದ್ದರು. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಹೊರಡುವ ಮುಂಚೆ ಬಹಳ ಹೊತ್ತು ಹಿಂಬದಿಯ ಇದ್ದಿಲ ಒಲೆಗೆ ಗಾಳಿಯೂದುವ ಚಕ್ರ ತಿರುವುತ್ತಿದ್ದರು. ಆ ಸದ್ದು ನಮ್ಮ ಬೀದಿಯವರೆಗೂ ಬರುತ್ತಿತ್ತು. ನಾನು ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಿದ್ದೆ. ಬೀದಿಯಿಂದ ಅವಳ ದನಿ ಬಂತು, ಹೆಸರು ಹಿಡಿದು. ಆ ಬೀದಿಯಲ್ಲಿ ನನ್ನ ಹೆಸರನ್ನು ಯಾರಾದರೂ ಕೂಗಿದ್ದು ಅದೇ ಮೊದಲು.

ನಾನು "ಓ" ಎಂದೆ. ನನ್ನ ದನಿ ಅಷ್ಟು ದೊಡ್ಡದಾಗಿ ಬಂದೀತೆಂದು ನನಗೇ ಗೊತ್ತಿರಲಿಲ್ಲ. ಪಡಸಾಲೆಯಲ್ಲಿ ನಮ್ಮ ಮನೆಯವರು ಪೇಪರು ಇಳಿಸಿ ನೋಡಿದರು.

ಹೊಸಿಲಿಗೆ ಹೋದಾಗ ಅವಳು ನಗುತ್ತಿದ್ದಳು. "ಮೂರು ಸಲ ಕೂಗೋಣಾಂತ ಬಂದೆ. ಮೊದಲನೇದಕ್ಕೇ ಓ ಅಂದ್ಬಿಟ್ಟೆಯಲ್ಲೇ. ದೆವ್ವ ಆಗಿದ್ರೆ?"

"ದೆವ್ವ ಆದ್ರೂ ಬರ್ಲಿ" ಎಂದೆ. "ಕರೆದಿದೆಯಲ್ಲ."

ಅವಳ ನಗು ನಿಂತಿತು. ಮೇಷ್ಟರು ಬೀದಿಯ ತುದಿಯಿಂದ ಕೈ ಬೀಸುತ್ತಿದ್ದರು. "ಮಾವಿನ ಕಾಲಕ್ಕೆ ಬಾ ಶ್ರೀನಿವಾಸಪುರಕ್ಕೆ. ಬರ್ತೀಯಾ? ಬಾ. ಬಾರೇ" ಎಂದು ಹೇಳಿ, ಸೆರಗು ಹೊದ್ದುಕೊಂಡು ಬೇಗ ಬೇಗ ನಡೆದುಹೋದಳು. ಮೂರು ಸಲ ಕರೆದಳಲ್ಲ ಎಂದು ನನಗೆ ಹೊಳೆದದ್ದು ಅವಳು ತಿರುವು ದಾಟಿದ ಮೇಲೆ. ಒಳಗೆ ಹಾಲು ಉಕ್ಕಿ ಒಲೆ ಆರಿತ್ತು.

ಆ ಮಾವಿನ ಕಾಲಕ್ಕೆ ನನಗೆ ದಿನ ತುಂಬಿತ್ತು. ಮರುವರ್ಷ ನಮ್ಮ ಮನೆಯವರಿಗೆ ರಜ ಸಿಗಲಿಲ್ಲ. ಅದರ ಮರುವರ್ಷ ಮೇಷ್ಟರಿಗೆ ಅಲ್ಲಿಂದಲೂ ವರ್ಗವಾಯಿತೆಂದು ಪೋಸ್ಟ್‌ಮಾಸ್ತರರ ಹೆಂಡತಿ ನಲ್ಲಿಯ ಹತ್ತಿರ ಹೇಳಿದಳು. ಯಾವ ಊರಿಗೆ ಎಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ನಾನು ಕೊಡವೆತ್ತಿಕೊಂಡು ಬಂದೆ. ಎದುರುಮನೆಗೆ ಆಗಲೇ ಬೇರೆಯವರು ಬಂದಿದ್ದರು, ಹೊಸಿಲಿಗೆ ಬೇರೆ ರಂಗೋಲಿ ಬೀಳುತ್ತಿತ್ತು.

ಬೀದಿಯಲ್ಲಿ ಯಾರೇ ಯಾರನ್ನೇ ಕೂಗಲಿ, ಮೊದಲ ಕೂಗಿಗೇ ಓ ಎಂದು ಎದ್ದು ಹೋಗುವುದು ನನಗೆ ಅಂದಿನಿಂದ ಬಂದ ಅಭ್ಯಾಸ. ಮಕ್ಕಳು ನಗುತ್ತಾರೆ. "ನಿನ್ನನ್ನಲ್ಲಮ್ಮ ಕರೆದಿದ್ದು" ಎನ್ನುತ್ತಾರೆ. ಇರಬಹುದು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹೊಸಿಲವರೆಗೆ ಹೋಗಿ ನೋಡುತ್ತೇನೆ. ಹೆಚ್ಚಿನ ಸಲ ಅಲ್ಲಿ ಯಾರೂ ಇರುವುದಿಲ್ಲ. ಸ್ವಲ್ಪ ಹೊತ್ತು ನಿಂತು ಒಳಗೆ ಬರುತ್ತೇನೆ.